ಟ್ರೈನರ್ ಕಾಲಡಿಯ ಕ್ಲಚ್: ಬೆಂಗಳೂರಿನ ನಾಗರಭಾವಿ ಕಡೆಯ ಒಂದು ಡ್ರೈವಿಂಗ್ ಸ್ಕೂಲ್, ವರ್ಷದ ಮೇಲೆ

ಗೇರ್ ಬೈಕಿನ ಡಿಎಲ್ ನನ್ನ ಹತ್ತಿರ ಮೊದಲಿಂದ ಇತ್ತು, ಅದಕ್ಕೆ ಕಾರು ಸೇರಿಸಬೇಕಿತ್ತು. ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ನಮ್ಮ ಬಜೆಟ್ಟಿಗೆ ಹತ್ತಲಿಲ್ಲ, ಮನೆಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಗೇರಿನ ವ್ಯಾಗನ್‌ಆರ್. ಹಾಗಾಗಿ ನನಗೆ ಬೇಕಿದ್ದದ್ದು ಕ್ಲಚ್ ಸರಿಯಾಗಿ ಕಲಿಸೋ ಸ್ಕೂಲು, ಅಷ್ಟೆ. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದ ಮೇಲೆ 30 ದಿನ ಕಾಯೋದು, ಅದರ 6 ತಿಂಗಳ ಅವಧಿ ಮುಗಿಯೋದರೊಳಗೆ ಟೆಸ್ಟ್ ಕೊಡೋದು, ಇವೆಲ್ಲ ನಿಮಗೆ ಗೊತ್ತೇ ಇರುತ್ತೆ.

ನನ್ನ ತಕರಾರು ಒಂದೇ, ಡ್ಯುಯಲ್ ಕಂಟ್ರೋಲ್, ಅಂದರೆ ಟ್ರೈನರ್ ಕಾಲಡಿಗೂ ಇರೋ ಕ್ಲಚ್, ಬ್ರೇಕ್ ಪೆಡಲ್. ಸ್ಕೂಲಿನ ಕಾರಿಗೆ ಅದು ಇರಲೇಬೇಕು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಹಾಗಿದೆ, ಇರಬೇಕಾದದ್ದೂ ಹೌದು. ಆದರೆ ಮೊದಲು ಸಿಕ್ಕ ಟ್ರೈನರ್ ಆ ಪೆಡಲ್ ಮೇಲಿಂದ ಕಾಲು ತೆಗೆದವರೇ ಅಲ್ಲ. ಸಿಗ್ನಲ್ ಹತ್ತಿರ ಬಂದರೆ ಸಾಕು, ನಾನು ಒತ್ತುವ ಮೊದಲೇ ನನ್ನ ಪಾದದಡಿಯ ಕ್ಲಚ್ ತಾನಾಗಿ ಒಳಗೆ ಇಳಿದುಹೋಗೋದು. ಗಾಡಿ ಒಮ್ಮೆಯೂ ಆಫ್ ಆಗಲಿಲ್ಲ. "ಸೂಪರ್ ಮೇಡಂ, ನಿಮಗೆ ಟೆಸ್ಟ್ ಏನೂ ಕಷ್ಟ ಇಲ್ಲ" ಅನ್ನೋರು. ಎಲ್ ಬೋರ್ಡ್ ಅಂಟಿಸಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಕಾರು ತೆಗೆದ ದಿನ ಗೇಟಿನ ಇಳಿಜಾರು ಹತ್ತೋಕೇ ಆಗಲಿಲ್ಲ. ಅಷ್ಟು ದಿನ ಓಡಿಸಿದ್ದು ನಾನಲ್ಲ, ಅವರು. ದುಡ್ಡು ಮಾತ್ರ ನನ್ನದು.

ಅದೇ ನಿಯಮಗಳ ಪ್ರಕಾರ ಸ್ವಂತ ಬಳಕೆಯ ವಾಹನದ ತರಬೇತಿ ಕನಿಷ್ಠ 21 ದಿನ ಇರಬೇಕು, ಸ್ಟಿಯರಿಂಗ್ ಹಿಡಿದು ಓಡಿಸೋದೇ 10 ಗಂಟೆಗೆ ಕಡಿಮೆ ಇರಬಾರದು. ಹಿಂದಿನ ಸೀಟಿನಲ್ಲಿ ಕಲಿಯೋ ಇನ್ನೊಬ್ಬರನ್ನು ಕೂರಿಸಿಕೊಂಡು, ಅವರನ್ನು ಮನೆಯಿಂದ ಹತ್ತಿಸಿಕೊಳ್ಳೋದನ್ನೂ ನನ್ನ ಕ್ಲಾಸಿನ ಲೆಕ್ಕಕ್ಕೇ ಹಾಕಿದರೆ ಆ 10 ಗಂಟೆ ಎಲ್ಲಿ ತುಂಬುತ್ತೆ? ಇದನ್ನ ಆಫೀಸಿನಲ್ಲಿ ಕೂತು ಕೇಳಿದೆ. ಜಗಳ ಆಡಲಿಲ್ಲ, ಎದ್ದೂ ಬರಲಿಲ್ಲ. ಟ್ರೈನರ್ ಬದಲಾದರು.

ಬಂದವರು ಹಿರಿಯರು, ಮಾತು ಕಡಿಮೆ. ಕಾರು ಹತ್ತಿದವರೇ ಎರಡೂ ಕಾಲನ್ನು ಪೆಡಲ್‌ನಿಂದ ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಇಟ್ಟುಕೊಂಡರು. "ಆಫ್ ಆಗಲಿ ಬಿಡಮ್ಮ, ಮತ್ತೆ ಸ್ಟಾರ್ಟ್ ಮಾಡಿದ್ರಾಯ್ತು." ಆಮೇಲೆ ಬೆಳಿಗ್ಗೆ ಜ್ಞಾನಭಾರತಿ (ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್) ಒಳಗಿನ ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟೋ ಹಾಗೇ ಇಲ್ಲ. ಕ್ಲಚ್ ಒಂದೇ. ಫಸ್ಟ್ ಗೇರಿನಲ್ಲಿ ಹಿಮ್ಮಡಿ ನೆಲಕ್ಕೂರಿ ಮೆಲ್ಲಗೆ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಇಂಜಿನ್ ಸದ್ದು ತಗ್ಗುತ್ತೆ, ಪೆಡಲ್‌ನಲ್ಲಿ ಸಣ್ಣ ನಡುಕ ಬರುತ್ತೆ. ಅಲ್ಲೇ ಹಿಡಿ, ಬ್ರೇಕ್ ಬಿಡು, ಗಾಡಿ ತಾನೇ ತೆವಳುತ್ತೆ. ಹಾಫ್ ಕ್ಲಚ್ ಅಂದರೆ ಏನು ಅಂತ ನನ್ನ ಕಾಲಿಗೆ ತಿಳಿದದ್ದು ಆ ರಸ್ತೆಯಲ್ಲಿ. ಬೈಕಿನಲ್ಲಿ ಬೆರಳು ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಕಾಲಿಗೆ ಇಳಿಯಲು ಇಷ್ಟೇ ಬೇಕಿತ್ತು.

ಅದಾದ ಮೇಲೆ ಮಲ್ಲೇಶ್ವರದ ಏರು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಕ್ಲಚ್ ಆ ನಡುಕಕ್ಕೆ ತಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಬಾನೆಟ್ ಒಂಚೂರು ಮೇಲೆದ್ದಾಗ ಬ್ರೇಕ್ ಇಳಿಸೋದು. ಹಿಂದೆ ಆಟೋ ಹಾರ್ನ್ ಹೊಡೆಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. ಕಡಿದಾದ ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಉರುಳದ ಹಾಗೆ ಹೊರಡಿಸಿ ತೋರಿಸಬೇಕು ಅನ್ನೋದು ಟೆಸ್ಟಿನ ನಿಯಮದಲ್ಲೇ ಇದೆ. ಜ್ಞಾನಭಾರತಿ ಆರ್‌ಟಿಒದ ಸೆನ್ಸಾರ್ ಟ್ರ್ಯಾಕಿನಲ್ಲಿ ಪಾಸಾಯಿತು, ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ.

ಈಗಲೂ ದಿನಾ ಬೆಳಿಗ್ಗೆ ಅವರು ಹಾಕಿಕೊಟ್ಟ ಕ್ರಮವೇ. ಕ್ಲಚ್ ಪೂರ್ತಿ ಒತ್ತಿದರೂ ಮಂಡಿ ಸ್ವಲ್ಪ ಬಾಗಿರೋ ಹಾಗೆ ಸೀಟು, ಹಿಂಬಾಗಿಲ ಹಿಡಿ ಮೂಲೆಯಲ್ಲಿ ಕಾಣೋ ಹಾಗೆ ಪಕ್ಕದ ಕನ್ನಡಿ, ಗೇರ್ ಅಲ್ಲಾಡಿಸಿ ನ್ಯೂಟ್ರಲ್ ನೋಡೋದು, ಆಮೇಲೆ ಕೀಲಿ. ಯಜಮಾನರು ಕಾರು ಮುಟ್ಟಿದ ಮಾರನೇ ದಿನ ಸೀಟು ಮತ್ತೆ ನನ್ನ ಅಳತೆಗೆ ತರೋದೂ ನನಗೆ ಖುಷಿಯ ಕೆಲಸವೇ. ಮೇಖ್ರಿ ಸರ್ಕಲ್ ಅಂಡರ್‌ಪಾಸಿನಿಂದ ಮೇಲೆ ಬರುವಾಗ ಗಾಡಿಗಳು ನಿಂತರೆ ಈಗ ಕೈ ಬೆವರೋದಿಲ್ಲ.

ಕೊರತೆ ಒಂದು ಉಳಿದಿದೆ. ಕ್ಲಾಸೆಲ್ಲ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ. ಸಂಜೆ ರಿಂಗ್ ರೋಡಿನಲ್ಲಿ ಎಡಗಡೆಯಿಂದ ನುಗ್ಗುವ ಬೈಕುಗಳನ್ನು ಅಂದಾಜು ಮಾಡೋದನ್ನು ಸ್ಕೂಲು ಕಲಿಸಲಿಲ್ಲ, ನಾನೇ ಅಲ್ಲಿ ಬೈಕಿನಲ್ಲಿ ಓಡಾಡಿದ್ದು ಉಪಯೋಗಕ್ಕೆ ಬಂತು. ಬೈಕ್ ಗೊತ್ತಿಲ್ಲದವರು ಸಂಜೆಯ ಕೆಲವು ಕ್ಲಾಸು ಕೇಳಿ ಪಡೆಯಲೇಬೇಕು.

ಈಗ ನನ್ನ ನಾದಿನಿ ಅಲ್ಲಿಗೇ ಸೇರಿದ್ದಾಳೆ. ಫೀಸ್ ಕಟ್ಟುವ ಮೊದಲೇ ಅದೇ ಹಿರಿಯ ಟ್ರೈನರ್ ಬೇಕು, ಸಂಜೆ ಆರರ ಹೊತ್ತಿನ ಕ್ಲಾಸ್ ಬೇಕು ಅಂತ ಬರೆಸಿಕೊಂಡೆವು. ಸಂಜೆಗೆ ಐನೂರು ಜಾಸ್ತಿ ಅಂದರು, ಕೊಟ್ಟಿದ್ದೇವೆ.