*99#: ಅಪ್ಪಯ್ಯನ ಗುಂಡಿ ಫೋನಿನಲ್ಲಿ ಒಂದು ಮಳೆಗಾಲ

ಸ್ಟಾರ್, ಎರಡು ಸಲ ಒಂಬತ್ತು, ಹ್ಯಾಶ್, ಹಸಿರು ಗುಂಡಿ. ಇಷ್ಟು ಒತ್ತಿದರೆ ಇಂಟರ್‌ನೆಟ್ ಇಲ್ಲದೆ ದುಡ್ಡು ಕಳಿಸಬಹುದು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಗೊತ್ತಿರುವವರಲ್ಲೂ ಬಳಸಿದವರು ಕಮ್ಮಿ. ನಾನೂ ಹೋದ ಮಳೆಗಾಲದ ತನಕ ಬಳಸಿರಲಿಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. ಜೂನ್ ಶುರುವಾದರೆ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ಟವರ್‌ನ ಬ್ಯಾಟರಿ ಹೋಗುತ್ತದೆ. ಟವರ್ ಬಂದರೂ ಮಾತಾಡುವಷ್ಟು ಸಿಗ್ನಲ್ ಇರುತ್ತದೆ, ಡೇಟಾ ಮಾತ್ರ ಸುತ್ತುತ್ತಲೇ ಇರುತ್ತದೆ. ಅಪ್ಪಯ್ಯನ ಹತ್ತಿರ ಇರುವುದು ಗುಂಡಿ ಫೋನು. ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಅದು ಬೀರುವಿನಲ್ಲಿ ಟವೆಲ್ ಸುತ್ತಿಕೊಂಡು ಮಲಗಿದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಹೊತ್ತಿಗೆ ಮರ ಹತ್ತಿ ಹೊಡೆಯುವ ಕೊನೆಗೌಡನಿಗೆ ದುಡ್ಡು ಕೊಡಬೇಕು, ಅವನು ಈಗ "ಮಗನ ಅಕೌಂಟಿಗೆ ಹಾಕಿಬಿಡಿ" ಅನ್ನುತ್ತಾನೆ, ಅಪ್ಪಯ್ಯ ನನಗೆ ಬೆಂಗಳೂರಿಗೆ ಫೋನ್ ಮಾಡುತ್ತಾರೆ, ನಾನು ಮೀಟಿಂಗ್‌ನಲ್ಲಿ ಇರುತ್ತೇನೆ. ಇದು ಬೇಡ ಅಂತಲೇ *99# ಕಲಿಸಿಕೊಡಲು ಹೊರಟಿದ್ದು. ನಾಲ್ಕು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಇದು ಹೊಸದೇನಲ್ಲ. 2012ರಲ್ಲೇ ಬ್ಯಾಂಕ್‌ಗಳ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಶುರು ಮಾಡಿತ್ತು. 2014ರ ಆಗಸ್ಟ್ 28ರಂದು ಜನಧನ್ ಯೋಜನೆ ಶುರುವಾದ ದಿನವೇ ಪ್ರಧಾನಿ ಇದನ್ನೂ ದೇಶಕ್ಕೆಲ್ಲ ಅಂತ ಘೋಷಿಸಿದರು. ಆಮೇಲೆ ಯುಪಿಐ ಬಂದ ಮೇಲೆ ಅದಕ್ಕೇ ಜೋಡಿಸಿದರು. ಅಂದರೆ ನೀವು ಗುಂಡಿ ಒತ್ತಿ ಕಳಿಸಿದ ದುಡ್ಡು ಹೋಗುವುದೂ ಯುಪಿಐ ದಾರಿಯಲ್ಲೇ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ದುಡ್ಡು ಹೋಗುವ ದಾರಿಯೇ. ಒಂದು ಸಲಕ್ಕೆ 5000 ರೂಪಾಯಿ ಮಿತಿ. ಮೊದಲು ಒಂದು ಸೆಷನ್‌ಗೆ ಒಂದೂವರೆ ರೂಪಾಯಿ ತನಕ ಸಿಮ್ ಕಂಪನಿ ಕಿತ್ತುಕೊಳ್ಳಬಹುದಿತ್ತು. ನೋಟು ರದ್ದಾದ 2016ರ ನವೆಂಬರ್‌ನಲ್ಲಿ ಫೋನ್ ಕಂಪನಿಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಅದನ್ನು 50 ಪೈಸೆಗೆ ಇಳಿಸಿತು, 2022ರಲ್ಲಿ ಪೂರ್ತಿ ತೆಗೆದುಹಾಕಿತು. ಈಗ ಬಿಟ್ಟಿ. ಅಪ್ಪಯ್ಯನಿಗೆ ಮೊದಲು ಹೇಳಿದ್ದೇ ಈ ಮಾತು, ಇಲ್ಲದಿದ್ದರೆ ಫೋನನ್ನು ಕೈಗೇ ಕೊಡುತ್ತಿರಲಿಲ್ಲ.

ಶುರು ಮಾಡುವ ಕೆಲಸ ಮಾತ್ರ ಸುಲಭ ಇಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಿಂದಲೇ ಒತ್ತಬೇಕು. ಅದು ಸರಿ. ಆಮೇಲೆ ಬ್ಯಾಂಕ್ ಯಾವುದು ಅಂತ ಕೇಳುತ್ತದೆ, ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕ್ ಶಾಖೆಯ ಕೋಡ್, ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಹಾಕಬೇಕು. ಗುಂಡಿ ಫೋನಿನಲ್ಲಿ ಅಕ್ಷರ ಹೊಡೆಯುವ ಕಷ್ಟ ಮರೆತೇ ಹೋಗಿತ್ತು ನನಗೆ. ಸುಮ್ನೆ ಉದಾಹರಣೆಗೆ ಎಸ್‌ಬಿಐಎನ್ ಅಂತ ಹೊಡೆಯಬೇಕು ಅಂದುಕೊಳ್ಳಿ. ಏಳನ್ನು ನಾಲ್ಕು ಸಲ, ಎರಡನ್ನು ಎರಡು ಸಲ, ನಾಲ್ಕನ್ನು ಮೂರು ಸಲ, ಆರನ್ನು ಎರಡು ಸಲ. ನಾಲ್ಕು ಅಕ್ಷರಕ್ಕೆ ಹನ್ನೊಂದು ಒತ್ತು. ಅಪ್ಪಯ್ಯನ ಹೆಬ್ಬೆರಳು ಅಡಿಕೆ ಸುಲಿದು ಸುಲಿದು ದಪ್ಪ ಆಗಿದೆ, ಏಳು ಒತ್ತಿದರೆ ಪಕ್ಕದ ಎಂಟೂ ಬೀಳುತ್ತದೆ.

ಅದು ಮುಗಿದರೆ ಪಿನ್ ಮಾಡಿಕೊಳ್ಳಲು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಕಾರ್ಡಿನ ಅವಧಿ ಮುಗಿಯುವ ತಿಂಗಳು, ವರ್ಷ ಬೇಕು. ಅಪ್ಪಯ್ಯನ ಕಾರ್ಡು ಬಂದ ಕವರಿನಲ್ಲೇ ಇತ್ತು. ಒಮ್ಮೆಯೂ ಬಳಸಿಲ್ಲ. ಅವಧಿ ಮುಗಿದು ಎರಡು ವರ್ಷ ಆಗಿತ್ತು! ಹೊಸ ಕಾರ್ಡಿಗೆ ಬ್ಯಾಂಕಿಗೆ ಮೂರು ಸಲ ಓಡಾಡಿದೆವು, ಅಲ್ಲಿ ಕೌಂಟರಿನಲ್ಲಿದ್ದವರು "ಕಾರ್ಡ್ ಯಾಕೆ, ಫೋನ್‌ಪೇ ಹಾಕಿಸ್ಕೊಳ್ಳಿ ಅಜ್ಜಾ" ಅಂದರು. ಅಜ್ಜ ಅಂದಿದ್ದಕ್ಕೆ ಅಪ್ಪಯ್ಯನಿಗೆ ಸಿಟ್ಟು ಬಂತು, ಅದು ಬೇರೆ ವಿಷಯ. ಕಾರ್ಡನ್ನೇ ಮುಟ್ಟದವರಿಗೂ ಸೇರಿಸಿ ಮಾಡಿದ ಸೇವೆ, ಶುರುವಾಗಬೇಕಾದರೆ ಕಾರ್ಡೇ ಬೇಕು ಅನ್ನುವುದು ಸ್ವಲ್ಪ ತಮಾಷೆಯೇ ಅಲ್ವಾ.

ಪಿನ್ ಆದ ಮೇಲೆ ದಿನದ ಬಳಕೆ ಚೆನ್ನಾಗಿದೆ, ಇದನ್ನು ಹೇಳಲೇಬೇಕು. *99# ಒತ್ತಿದರೆ ಪಟ್ಟಿ ಬರುತ್ತದೆ. 1 ದುಡ್ಡು ಕಳಿಸಲು, 2 ಕೇಳಲು, 3 ಬ್ಯಾಲೆನ್ಸ್, 4 ಪ್ರೊಫೈಲ್, 5 ಬಾಕಿ ಇರುವ ಕೋರಿಕೆ, 6 ಹಿಂದಿನ ವ್ಯವಹಾರ, 7 ಪಿನ್. ಕಳಿಸಬೇಕಾದವರ ಮೊಬೈಲ್ ನಂಬರ್ ಹಾಕಿದರೆ ಹೆಸರು ತೋರಿಸುತ್ತದೆ. ಎಷ್ಟು ಅಂತ ಕೇಳುತ್ತದೆ. ಪಿನ್ ಹಾಕಿದರೆ ಹೋಯಿತು. ಯುಪಿಐ ಐಡಿಗೂ ಕಳಿಸಬಹುದು, ಆದರೆ ಗುಂಡಿ ಫೋನಿನಲ್ಲಿ ಅಟ್ ಚಿಹ್ನೆ ಹುಡುಕುವುದಕ್ಕಿಂತ ನಡೆದುಕೊಂಡು ಹೋಗಿ ದುಡ್ಡು ಕೊಟ್ಟು ಬರುವುದು ಬೇಗ.

ಇದು ಎಸ್ಸೆಮ್ಮೆಸ್ ಥರ ಅಲ್ಲ. ಎಸ್ಸೆಮ್ಮೆಸ್ ಅಂದರೆ ಕಾಗದ ಹಾಕಿದ ಹಾಗೆ, ನಡುವೆ ಎಲ್ಲೋ ಇದ್ದು ಯಾವಾಗಲೋ ತಲುಪುತ್ತದೆ. ಇದು, ಅಂದರೆ ಸ್ಟಾರ್ ಹ್ಯಾಶ್ ಒತ್ತಿ ನಡೆಸುವ ಯುಎಸ್‌ಎಸ್‌ಡಿ ಅನ್ನುವ ವ್ಯವಸ್ಥೆ, ಫೋನ್ ಕರೆಯ ಹಾಗೆ ಲೈನ್ ತೆರೆದೇ ಇರುತ್ತದೆ. ನೀವು ಒಂದು ಅಂಕಿ ಕಳಿಸಿದರೆ ಆ ಕಡೆಯಿಂದ ತಕ್ಷಣ ಉತ್ತರ. ಟವರ್ ಮತ್ತು ಫೋನು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಸಣ್ಣ ದಾರಿಯಲ್ಲೇ ಇದೂ ಹೋಗುವುದರಿಂದ ಡೇಟಾ ಬೇಕಿಲ್ಲ. ಒಂದು ಕಡ್ಡಿ ಸಿಗ್ನಲ್ ಇದ್ದರೂ ಆಗುತ್ತದೆ. ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ, ನನ್ನ ಹೊಸ ಫೋನು ಕಲ್ಲಿನ ಹಾಗೆ ಬಿದ್ದಿದ್ದಾಗ, ಅಪ್ಪಯ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತು 4200 ರೂಪಾಯಿ ಕಳಿಸಿದರು. ಆವತ್ತು ಅವರ ಮುಖ ನೋಡಬೇಕಿತ್ತು.

ಈಗ ದೂರು. ಲೈನ್ ತೆರೆದಿರುತ್ತದೆ ಅಂದೆನಲ್ಲ, ಅದು ನಿಮಗಾಗಿ ಕಾಯುವುದಿಲ್ಲ. ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ ಸೆಷನ್ ಕಟ್. ಅಪ್ಪಯ್ಯ ಕನ್ನಡಕ ಹಾಕಿಕೊಂಡು, ಪಟ್ಟಿ ಓದಿ, ಜೇಬಿನಿಂದ ನಂಬರ್ ಬರೆದ ಚೀಟಿ ತೆಗೆದು, ಬಾಗಿಲ ಬೆಳಕಿಗೆ ಹಿಡಿಯುವಷ್ಟರಲ್ಲಿ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ. ಒಂದು ಸಂಜೆ ಐದು ಸಲ ಹೀಗಾಯಿತು. ಗುಂಡಿ ಫೋನ್ ಇಟ್ಟುಕೊಂಡವರು ಯಾರು? ವಯಸ್ಸಾದವರು, ಕಣ್ಣು ಮಂಜಾದವರು, ಓದಲು ನಿಧಾನ ಇರುವವರು. ಅವರಿಗೆ ಬೇಕು ಅಂತ ಮಾಡಿದ್ದು ಅವರಿಗೇ ಅವಸರ ಮಾಡುತ್ತದೆ. ಫೋನಿನ ಗುಂಡಿಯಿಂದಲ್ಲ, ಈ ಅವಸರದಿಂದಲೇ ಜನ ಕೈಬಿಡುತ್ತಾರೆ ಅನ್ನುವುದು ನನ್ನ ಲೆಕ್ಕ. ಯುವಕರು ಕೂತು ಪರೀಕ್ಷೆ ಮಾಡಿ "ಸರಿ ಇದೆ" ಅಂದಿರಬೇಕು.

ಇದಕ್ಕೆ ನಾವು ಕಂಡುಕೊಂಡ ಉಪಾಯ ತುಂಬಾ ಹಳೆಯದು. ಕ್ಯಾಲೆಂಡರಿನ ಹಿಂದಿನ ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಎಲ್ಲ ಅಂಕಿಗಳನ್ನೂ ಸಾಲಾಗಿ ಬರೆದಿಟ್ಟೆ. ಮೊದಲು 1, ಮತ್ತೆ 1, ಆಮೇಲೆ ಕೊನೆಗೌಡನ ಮಗನ ನಂಬರ್, ಮೊತ್ತದ ಜಾಗ ಖಾಲಿ. ಪಿನ್ ಬರೆಯಲಿಲ್ಲ, ಅದು ತಲೆಯಲ್ಲಿ. ಪಟ್ಟಿ ಓದುವುದೇ ಬೇಡ, ಅಂಕಿ ನೋಡಿ ಒತ್ತುವುದಷ್ಟೇ. ಈಗ ಅಪ್ಪಯ್ಯ ಒಂದು ನಿಮಿಷದೊಳಗೆ ಮುಗಿಸುತ್ತಾರೆ.

"ಕನ್ನಡದಲ್ಲಿ ಬರುತ್ತದಂತಲ್ಲ, ಓದಲಿ" ಅಂತ ನೀವು ಕೇಳಬಹುದು. ಬರುತ್ತದೆ, ಪ್ರೊಫೈಲ್‌ಗೆ ಹೋಗಿ ಭಾಷೆ ಬದಲಿಸಬಹುದು, ಹಿಂದಿ ಇಂಗ್ಲಿಷ್ ಸೇರಿ 13 ಭಾಷೆ ಇವೆ. ನಾನು ಖುಷಿಯಿಂದ ಕನ್ನಡ ಮಾಡಿಕೊಟ್ಟೆ. ಪರದೆ ತುಂಬಾ ಚೌಕ ಚೌಕ ಡಬ್ಬಿ ಬಂತು. ಅಪ್ಪಯ್ಯನ ಸೆಟ್ಟಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ವಾಪಸ್ ಇಂಗ್ಲಿಷ್ ಮಾಡಲು ಆ ಡಬ್ಬಿಗಳ ನಡುವೆ ದಾರಿ ಹುಡುಕಿದ್ದು ಇನ್ನೊಂದು ಕಥೆ. ನನ್ನ ಸ್ಮಾರ್ಟ್‌ಫೋನಿನಲ್ಲಿ ಕನ್ನಡ ಸರಿಯಾಗಿ ಕಂಡಿತು, ಆದರೆ ಅಲ್ಲಿ ಇನ್ನೊಂದು ತೊಂದರೆ. ಯುಎಸ್‌ಎಸ್‌ಡಿಯಲ್ಲಿ ಒಂದು ಸಲಕ್ಕೆ ಇಂಗ್ಲಿಷಿನಲ್ಲಾದರೆ 182 ಅಕ್ಷರ ಹಿಡಿಯುತ್ತದೆ. ಕನ್ನಡದಂಥ ಲಿಪಿಗೆ ಬಂದರೆ 80ಕ್ಕೆ ಮುಗಿಯಿತು. ಆ 80ರಲ್ಲೂ ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ಬ್ಯಾಂಕ್" ಅಂತ ಬರೆದರೆ ಕಣ್ಣಿಗೆ ಎರಡೇ ಅಕ್ಷರ, ಫೋನಿನ ಲೆಕ್ಕಕ್ಕೆ ಏಳು. ಇಂಗ್ಲಿಷಿನಲ್ಲಿ ಅದೇ ಪದಕ್ಕೆ ನಾಲ್ಕು. ಹೀಗಿದ್ದ ಮೇಲೆ ಏಳು ಸಾಲಿನ ಪಟ್ಟಿ ಒಂದೇ ಪರದೆಯಲ್ಲಿ ಕನ್ನಡದಲ್ಲಿ ಹೇಗೆ ಹಿಡಿಸಬೇಕು ಹೇಳಿ. ಯಾರದೂ ತಪ್ಪಲ್ಲ ಅನ್ನಬಹುದು. ಆದರೂ ಹೊಟ್ಟೆ ಉರಿಯುತ್ತದೆ.

ಒಂದು ಸಲ ದುಡ್ಡೇ ಡಬಲ್ ಹೋಯಿತು. ಪಿನ್ ಹಾಕಿದ ಮೇಲೆ ಪರದೆ ಖಾಲಿ. ಹೋಯಿತೋ ಇಲ್ಲವೋ ಗೊತ್ತಿಲ್ಲ. ಬ್ಯಾಂಕಿನಿಂದ ಮೆಸೇಜೂ ಇಲ್ಲ. ಅಪ್ಪಯ್ಯ ಹತ್ತು ನಿಮಿಷ ನೋಡಿ ಇನ್ನೊಂದು ಸಲ ಕಳಿಸಿದರು. ಮುಕ್ಕಾಲು ಗಂಟೆ ಆದ ಮೇಲೆ ಎರಡು ಮೆಸೇಜ್ ಒಟ್ಟಿಗೆ ಬಂದವು, ಎರಡೂ ಸಲ ಕಡಿತ. ಕೊನೆಗೌಡ ಒಳ್ಳೆಯವನು, ಮುಂದಿನ ಔಷಧಿಗೆ ಹಿಡಿದುಕೊಂಡ. ಬೇರೆಯವರಿಗೆ ಹೋಗಿದ್ದರೆ? ಬ್ಯಾಂಕಿಗೆ ಕೇಳಿದರೆ ನೆಟ್‌ವರ್ಕ್ ಕಡೆ ಕೈ ತೋರಿಸಿದರು, ಸಿಮ್ ಕಂಪನಿಯವರು ಬ್ಯಾಂಕ್ ಕಡೆ ತೋರಿಸಿದರು. ಆದ್ದರಿಂದ ಒಂದು ಮಾತು ನೆನಪಿಡಿ. ಸೆಷನ್ ಕಟ್ ಆದರೆ ಮತ್ತೆ ಕಳಿಸಬೇಡಿ. ಮೊದಲು 3 ಒತ್ತಿ ಬ್ಯಾಲೆನ್ಸ್ ನೋಡಿ, ಅಥವಾ 6 ಒತ್ತಿ ಹಿಂದಿನ ವ್ಯವಹಾರ ನೋಡಿ. ನಾವು ಇದನ್ನೂ ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇವೆ. ಗೊಂದಲವಾದರೆ ಡಿಜಿಸಾಥಿ ಅಂತ ಸಹಾಯವಾಣಿ ಇದೆ, 14431.

ಸಿಮ್ ಬಗ್ಗೆಯೂ ಹೇಳಬೇಕು. ಯುಎಸ್‌ಎಸ್‌ಡಿ ಹಳೆಯ ಜಿಎಸ್‌ಎಂ, ಅಂದರೆ 2ಜಿ ಮೊಬೈಲ್ ಕಾಲದ ವ್ಯವಸ್ಥೆ. 4ಜಿ ಫೋನಿನಲ್ಲಿ ಒತ್ತಿದರೂ ಸಾಮಾನ್ಯವಾಗಿ ಅದು 2ಜಿ, 3ಜಿಗೆ ಇಳಿದು ಕೆಲಸ ಮಾಡುತ್ತದೆ. ನನ್ನ ಒಂದು ಸಿಮ್ಮಿನಲ್ಲಿ ಪಟಪಟ ಬರುತ್ತದೆ, ಇನ್ನೊಂದರಲ್ಲಿ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬಂದಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಲ್ಲಿ ಇದು ಬರುತ್ತದಾ ಅಂತ ಮೊದಲೇ ಒತ್ತಿ ನೋಡಿಕೊಳ್ಳಿ, ಕಾರ್ಡಿಗೆ ಓಡಾಡುವುದು ಆಮೇಲೆ.

ಪಿನ್ ಒತ್ತುವಾಗ ಅಂಕಿಗಳು ಹಾಗೇ ಕಾಣುತ್ತವೆ ನಮ್ಮ ಎರಡೂ ಫೋನಿನಲ್ಲಿ. ಚುಕ್ಕಿ ಬೀಳುವುದಿಲ್ಲ. ಅಂಗಡಿಯ ಮುಂದೆ ಒತ್ತುವಾಗ ಸ್ವಲ್ಪ ತಿರುಗಿ ನಿಲ್ಲಿ.

ಇದರ ಜೊತೆಗೆ ದನಿಯ ದಾರಿಯೂ ಇದೆ. ಯುಪಿಐ 123ಪೇ ಅಂತ 2022ರ ಮಾರ್ಚ್ 8ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಶಕ್ತಿಕಾಂತ ದಾಸ್ ಶುರು ಮಾಡಿದ್ದು. 080 45163666ಕ್ಕೆ ಕರೆ ಮಾಡಿದರೆ ಆ ಕಡೆಯಿಂದ ರೆಕಾರ್ಡ್ ಮಾಡಿದ ಹೆಂಗಸಿನ ದನಿ ಹೇಳುತ್ತಾ ಹೋಗುತ್ತದೆ, ನಾವು ಗುಂಡಿ ಒತ್ತುತ್ತಾ ಹೋಗಬೇಕು. ಇದರ ಮಿತಿಯನ್ನು 5000ದಿಂದ 10000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಹೇಳಿದರು. ಓದುವ ಕಷ್ಟ ಇಲ್ಲ, ಅಕ್ಷರ ಇಲ್ಲದ ಸೆಟ್ಟಿನ ಕಷ್ಟವೂ ಇಲ್ಲ. ಅಮ್ಮನಿಗೆ ಇದೇ ಇಷ್ಟ ಆಯಿತು. ಅಪ್ಪಯ್ಯನಿಗೆ ಆಗಲಿಲ್ಲ, ಕಿವಿಯಿಂದ ಫೋನ್ ತೆಗೆದು ಗುಂಡಿ ಒತ್ತಿ ಮತ್ತೆ ಕಿವಿಗೆ ಇಡುವಷ್ಟರಲ್ಲಿ ಆಯಮ್ಮ ಮುಂದೆ ಹೋಗಿಬಿಡುತ್ತಾಳೆ ಅನ್ನುತ್ತಾರೆ. ಸ್ಪೀಕರ್ ಹಾಕಿದರೆ ಇಡೀ ಕೇರಿಗೆ ನಮ್ಮ ಬ್ಯಾಲೆನ್ಸ್ ಕೇಳುತ್ತದಂತೆ.

ಇಷ್ಟು ಕಲಿಸಿದ ಮೇಲೆ ಒಂದು ಭಯ ಹುಟ್ಟಿತು. ಸ್ಟಾರ್, ಹ್ಯಾಶ್ ಒತ್ತುವುದು ರೂಢಿ ಆದವರಿಗೆ ಕಳ್ಳರು ಇನ್ನೊಂದು ಸ್ಟಾರ್ ಹ್ಯಾಶ್ ಹೇಳಿಕೊಟ್ಟರೆ? "ನಿಮ್ಮ ಕೊರಿಯರ್ ಬಂದಿದೆ, ಇದನ್ನು ಒತ್ತಿ" ಅಂತ ಹೇಳಿ ಸ್ಟಾರ್ 401 ಅಥವಾ ಸ್ಟಾರ್ 21ರಿಂದ ಶುರುವಾಗುವ ನಂಬರ್ ಒತ್ತಿಸುತ್ತಾರೆ. ಅದು ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಆಜ್ಞೆ. ಒಟಿಪಿ ಹೇಳುವ ಕರೆ ಬಂದರೂ ಅವರಿಗೇ ಹೋಗುತ್ತದೆ. ಈ ಕಾಟಕ್ಕೇ 2024ರ ಏಪ್ರಿಲ್ 15ರಿಂದ ಯುಎಸ್‌ಎಸ್‌ಡಿ ಮೂಲಕ ಕರೆ ತಿರುಗಿಸುವುದನ್ನು ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತು. ನಿಮ್ಮ ಫೋನಿನಲ್ಲಿ ಕರೆ ತಿರುಗಿದೆಯಾ ನೋಡಲು *#21#, ಎಲ್ಲ ರದ್ದು ಮಾಡಲು ##002#. ಅಪ್ಪಯ್ಯನಿಗೆ ಹೇಳಿದ ನಿಯಮ ಒಂದೇ: ರಟ್ಟಿನ ಮೇಲೆ ಇಲ್ಲದ್ದನ್ನು ಒತ್ತಬಾರದು, ಮುಖ್ಯಮಂತ್ರಿ ಫೋನ್ ಮಾಡಿ ಹೇಳಿದರೂ.

ಮುಖ್ಯಮಂತ್ರಿ ಅಂದಾಗ ನೆನಪಾಯಿತು. ನಮ್ಮ ಸರ್ಕಾರವೂ ಒಂದು ಕಾಲದಲ್ಲಿ ಈ ಗುಂಡಿ ದಾರಿ ಹಿಡಿದಿತ್ತು. 2014ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಂಗಳೂರಿನಲ್ಲಿ ಕರ್ನಾಟಕ ಮೊಬೈಲ್ ಒನ್ ಅನ್ನುವ, ಸರ್ಕಾರಿ ಸೇವೆಗಳನ್ನು ಫೋನಿನಲ್ಲೇ ಕೊಡುವ ವ್ಯವಸ್ಥೆ ಉದ್ಘಾಟಿಸಿದರು. ಆ್ಯಪ್ ಇಲ್ಲದವರು *161# ಒತ್ತಿಯೂ ಸೇವೆ ಪಡೆಯಬಹುದಿತ್ತು. ಆಗ ನಾನು ಕಾಲೇಜಿನಲ್ಲಿದ್ದೆ, ಹಾಸ್ಟೆಲಿನಲ್ಲಿ ಸುಮ್ನೆ ಒತ್ತಿ ನೋಡುತ್ತಿದ್ದೆವು.

ಒಟ್ಟಿನಲ್ಲಿ ಐದಕ್ಕೆ ಮೂರು ಕೊಡುತ್ತೇನೆ. ಜುಲೈ ತಿಂಗಳಿಗೆ ಮಾತ್ರ ನಾಲ್ಕೂವರೆ. ಅಪ್ಪಯ್ಯ ಈಗ ದಿನಾ ಸಂಜೆ ಕಾಫಿ ಕುಡಿದು *99# ಒತ್ತಿ 3 ಒತ್ತುತ್ತಾರೆ, ಬೆಳಗ್ಗೆಯಿಂದ ಒಂದು ರೂಪಾಯಿಯೂ ಆಚೀಚೆ ಆಗಿರುವುದಿಲ್ಲ, ಆದರೂ ನೋಡಬೇಕು. ದೀಪಾವಳಿಗೆ ಊರಿಗೆ ಹೋಗುವಾಗ ಕನ್ನಡ ಅಕ್ಷರ ಇರುವ ಸೆಟ್ ತರುತ್ತೇನೆ ಅಂದೆ. "ಅಕ್ಷರ ಹೆಂಗಾದ್ರೂ ಇರ್ಲಿ ಮಾರಾಯ್ತಿ, ಗುಂಡಿ ದೊಡ್ಡದಿರೋದು ನೋಡಿ ತಗಂಬಾ" ಅಂದರು.