‘ಇಷ್ಟು ಬೇಡ ಮೇಷ್ಟ್ರೇ’ ಅನ್ನುವ ಅಂಗಡಿ

ಸಾಗರದ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಬೋರ್ಡಿನ ಅಕ್ಷರ ಅಳಿಸಿ ಹೋಗಿದೆ. ಎಲ್ಲರೂ ಭಾಯ್ ಅಂಗಡಿ ಅಂತಲೇ ಕರೆಯುತ್ತಾರೆ. ಬೈಕಿಗೆ ಫಾಗ್ ಲೈಟ್, ಮೊಬೈಲ್ ಚಾರ್ಜರ್ ಹಾಕಿಸಬೇಕು ಅನ್ನುವವರಿಗೆ ನಾನು ಹೇಳುವುದು ಇದೊಂದೇ ಅಂಗಡಿ. ಯಾಕೆಂದರೆ ಕೇಳಿದ್ದನ್ನೆಲ್ಲ ಇಲ್ಲಿ ಹಾಕಿಕೊಡುವುದಿಲ್ಲ.

ನನ್ನದು 2018ರ ಸ್ಪ್ಲೆಂಡರ್. ನಾನು ಪಾಠ ಮಾಡುವ ಶಾಲೆ ಇರುವುದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಮೊದಲೆಲ್ಲ ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಹಿಡಿಯಲೇಬೇಕಿತ್ತು, ಹಾಗಾಗಿ ತಡರಾತ್ರಿ ಬೈಕ್ ಓಡಿಸುವ ಮಾತೇ ಇರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಎಷ್ಟು ಹೊತ್ತಿಗಾದರೂ ಹೊರಡಬಹುದು. ಹೊರಡಬಹುದು ಅಂತಾದರೆ ತಡವೂ ಆಗುತ್ತದೆ, ಅಲ್ವಾ? ಹೊಳೆಬಾಗಿಲು ಬಿಟ್ಟು ಆವಿನಹಳ್ಳಿ ಕಡೆ ಬರುವಾಗ ಮಳೆ, ಮಂಜು, ರಸ್ತೆ ಮೇಲೇ ಮಲಗಿದ ದನ. ಸ್ಪ್ಲೆಂಡರಿನ 35 ವ್ಯಾಟ್ ಹೆಡ್‌ಲೈಟ್ ಇದಕ್ಕೆ ಸಾಲದು.

ನಾನು ಕೇಳಿದ್ದು 20 ವ್ಯಾಟಿನ ಎರಡು ಎಲ್‌ಇಡಿ ಫಾಗ್ ಲೈಟ್, ಒಂದು ಫಾಸ್ಟ್ ಚಾರ್ಜರ್, ಜೊತೆಗೆ ಜೋರು ಹಾರ್ನ್. ಭಾಯ್ ಮೊದಲು ಸೀಟಿನ ಪಕ್ಕದ ಕವರ್ ಬಿಚ್ಚಿ ಬ್ಯಾಟರಿ ತೋರಿಸಿದರು. 12 ವೋಲ್ಟ್, 3 ಎಎಚ್ (ಆಂಪಿಯರ್-ಅವರ್), ಅಂದರೆ ಲೆಕ್ಕದಲ್ಲಿ ಮೂರು ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು. ರಾಯಲ್ ಎನ್‌ಫೀಲ್ಡಿನ ಈಗಿನ ಕ್ಲಾಸಿಕ್ 350ಯಲ್ಲಿ ಇರುವುದು 8 ಎಎಚ್. ಎರಡು ಲೈಟ್ ಸೇರಿ 40 ವ್ಯಾಟ್ ಅಂದರೆ ಮೂರು ಆಂಪಿಯರಿಗಿಂತ ಜಾಸ್ತಿ. ಇಂಜಿನ್ ಆಫ್ ಮಾಡಿ ಉರಿಸಿದರೆ ಹೊಸ ಬ್ಯಾಟರಿಯೂ ಒಂದು ಗಂಟೆ ತಡೆಯುವುದಿಲ್ಲ. ‘ಹಾಗಾದ್ರೆ ದೊಡ್ಡ ಬ್ಯಾಟರಿ ಹಾಕಿ’ ಅಂದೆ. ‘ಇಂಜಿನ್ ಓಡ್ತಿರುವಾಗ ಕರೆಂಟ್ ಕೊಡೋದು ಇಂಜಿನ್ ಒಳಗಿನ ಕಾಯಿಲ್ ಮೇಷ್ಟ್ರೇ. ಬ್ಯಾಟರಿ ದೊಡ್ಡದು ಮಾಡಿದ್ರೆ ಕಾಯಿಲ್ ದೊಡ್ಡದಾಗಲ್ಲ’ ಅಂದರು.

ಬಾಯಿಮಾತಲ್ಲಿ ಬಿಡಲಿಲ್ಲ. ಅಂಗಡಿಯಲ್ಲಿದ್ದ 20 ವ್ಯಾಟಿನ ಜೋಡಿಯನ್ನು ಸುಮ್ನೆ ಬ್ಯಾಟರಿಗೆ ಹಿಡಿದು, ಮಲ್ಟಿಮೀಟರ್ ಚುಚ್ಚಿ, ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರು. ಚಾರ್ಜಿಂಗ್ ಸರಿ ಇದ್ದರೆ ಆಕ್ಸಿಲರೇಟರ್ ತಿರುವಿದಾಗ ಮೀಟರ್ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟಿನ ಒಳಗೆ ನಿಲ್ಲಬೇಕು. ಆಕ್ಸಿಲರೇಟರ್ ಬಿಟ್ಟು ಐಡಲ್‌ಗೆ ತಂದ ಕೂಡಲೇ ಅದು ಹನ್ನೆರಡೂವರೆಗೂ ಕೆಳಗೆ ಜಾರತೊಡಗಿತು. ಅಂದರೆ ಆಗ ಬ್ಯಾಟರಿಗೆ ತುಂಬುತ್ತಿಲ್ಲ, ಅದರಿಂದಲೇ ಖರ್ಚಾಗುತ್ತಿದೆ. ಆಮೇಲೆ 10 ವ್ಯಾಟಿನ ಹಳದಿ ಲೈಟ್ ಜೋಡಿ ಹಿಡಿದರು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಸಾಕು, ಮೀಟರ್ ಹದಿಮೂರರ ಮೇಲೆ ನಿಂತಿತು. ಅದೇ ಇರಲಿ ಅಂದೆ. ಹಾರ್ನ್ ಕೇಳಿದ್ದಕ್ಕೆ ಬೇಡ ಅಂತ ತಲೆ ಆಡಿಸಿದರು, ಅಷ್ಟೇ.

ಇನ್ನು ವೈರಿಂಗ್. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅಂದರೂ ತಪ್ಪಿಲ್ಲ. ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ ವೋಲ್ಟ್ ತೋರಿಸುವ ಡಿಸ್‌ಪ್ಲೇ ಇರುವ ಚಾರ್ಜರ್ ಹಾಕಿಸಿದ್ದೆ. ಅವರು ಅದನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು. ಕೀ ತೆಗೆದರೂ ಡಿಸ್‌ಪ್ಲೇ ಉರಿಯುತ್ತಲೇ ಇತ್ತು. ಅದು ತಿನ್ನುವುದು 20 ಮಿಲಿ ಆಂಪಿಯರ್ ಅಂತಿಟ್ಟುಕೊಳ್ಳಿ, ದಿನಕ್ಕೆ ಸುಮಾರು ಅರ್ಧ ಎಎಚ್. 3 ಎಎಚ್ ಬ್ಯಾಟರಿ ವಾರದೊಳಗೆ ಮಲಗುತ್ತದೆ. ದಸರಾ ರಜೆ ಮುಗಿಸಿ ಬಂದಾಗ ಸೆಲ್ಫ್ ಕಟ್ ಕಟ್ ಅಂತು, ಅಷ್ಟೇ. ಕಿಕ್ಕರ್ ಇದ್ದಿದ್ದಕ್ಕೆ ಬಚಾವ್.

ಭಾಯ್ ಮಾಡಿದ್ದು ಬೇರೆ ಥರ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ವೈರ್ ಸುಡದಿರಲಿ ಅಂತ, ಅದಕ್ಕೇ ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್) 30ನೇ ಪಿನ್‌ಗೆ. 87ನೇ ಪಿನ್ನಿನಿಂದ ಲೈಟಿಗೂ ಚಾರ್ಜರಿಗೂ. ರಿಲೇ ಎಬ್ಬಿಸುವ 85, 86ರಲ್ಲಿ ಒಂದು ಕೀ ಆನ್ ಆದಾಗ ಕರೆಂಟ್ ಬರುವ ಲೈನಿಗೆ, ಇನ್ನೊಂದು ನೆಗೆಟಿವ್‌ಗೆ. ಕೀ ತೆಗೆದರೆ ಎಲ್ಲವೂ ಬಂದ್. ಲೈಟಿಗೆ ಹ್ಯಾಂಡಲ್ ಮೇಲೆ ಬೇರೆ ಸ್ವಿಚ್. ನೆಗೆಟಿವನ್ನು ಪೇಂಟ್ ಇರುವ ಯಾವುದೋ ಬೋಲ್ಟಿಗೆ ಸಿಕ್ಕಿಸದೆ ಬ್ಯಾಟರಿಗೇ ತಂದರು. ಜಾಯಿಂಟಿಗೆಲ್ಲ ಸೋಲ್ಡರ್, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್. ಕಪ್ಪು ಟೇಪ್ ಬಿಸಿಲಿಗೆ ಅಂಟು ಬಿಡುತ್ತದೆ ಅಂತ ಅವರ ಅಂಗಡಿಯಲ್ಲಿ ಅದಕ್ಕೆ ಮರ್ಯಾದೆಯೇ ಇಲ್ಲ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ವೈರ್ ಎಳೆಯುವುದಿಲ್ಲ ಅಂತ ನೋಡಿದ ಮೇಲೆಯೇ ಕೇಬಲ್ ಟೈ ಹಾಕಿದ್ದು.

ಲೈಟನ್ನು ನೆಲದ ಕಡೆ ಬಗ್ಗಿಸಿ ಕೂರಿಸಿದರು. ಇನ್ನೂ ಮೇಲೆ ಮಾಡಿ ಅಂದರೆ ಒಪ್ಪಲಿಲ್ಲ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿಗೆ ನಮ್ಮ ಪೊಲೀಸರು 2024ರ ಜುಲೈಯಿಂದ ಕೇಸ್ ಹಾಕುವುದು ಶುರು ಮಾಡಿದ್ದಾರೆ. ಅದಿರಲಿ, ಮಂಜಿನಲ್ಲಿ ಬೆಳಕು ಎತ್ತರಕ್ಕೆ ಬಿದ್ದರೆ ಕಾಣುವುದು ಬಿಳಿ ಗೋಡೆ ಮಾತ್ರ. ಈಗ ರಸ್ತೆಯ ಅಂಚು, ಗುಂಡಿ, ದನದ ಕಾಲು ಮೊದಲೇ ಕಾಣುತ್ತವೆ. ದೂರ ಕಾಣುವುದಿಲ್ಲ, ಅದು ನಿಜ. 10 ವ್ಯಾಟಿನಿಂದ ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಖರ್ಚು: ಲೈಟ್ ಜೋಡಿಗೆ 650, ಚಾರ್ಜರಿಗೆ 450, ರಿಲೇ, ಫ್ಯೂಸ್ ಹೋಲ್ಡರ್, ವೈರ್ ಎಲ್ಲ ಸೇರಿ 300, ಕೂಲಿ 500 ರೂಪಾಯಿ. ಕೂಲಿ ಜಾಸ್ತಿ ಅನ್ನುವವರು ಇದ್ದಾರೆ. ಅರ್ಧ ದಿನದ ಕೆಲಸ ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ.

ದೂರೂ ಇದೆ. ಹ್ಯಾಂಡಲಿಗೆ ಹಾಕಿದ ಸ್ವಿಚ್ ತೀರಾ ಸಾಧಾರಣದ್ದು. ಆಗಸ್ಟ್ ಮಳೆಗೆ ನೀರು ಹೊಕ್ಕು ಲೈಟ್ ತಾನಾಗಿಯೇ ಹೊತ್ತಿ ಆರತೊಡಗಿತು. ಹೋಗಿ ತೋರಿಸಿದೆ. ರಬ್ಬರ್ ಮುಚ್ಚಿದ ಸ್ವಿಚ್ ಹಾಕಿ, ಸ್ವಿಚ್ಚಿನ ದುಡ್ಡು ಮಾತ್ರ ತೆಗೆದುಕೊಂಡರು. ಮಲೆನಾಡಿನಲ್ಲಿ ಅಂಗಡಿ ಇಟ್ಟವರು ಮೊದಲೇ ಅದನ್ನು ಹಾಕಬಾರದೇ? ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಡುತ್ತಾರೆ. ಫೋನ್ ಎತ್ತುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತದೆ, ಬೇರೆ ದಿನ ಬೆಳಿಗ್ಗೆ ಹೋದರೆ ಕೆಲಸ ಬೇಗ ಆಗುತ್ತದೆ.

ಹೊಸ ಬೈಕ್ ಇರುವವರು ಒಂದು ವಿಷಯ ಮೊದಲೇ ಹೇಳಿಬಿಡಿ: ಕಂಪನಿಯ ವೈರ್ ಕತ್ತರಿಸುವುದು ಬೇಡ, ವಾರಂಟಿ ಇದೆ ಅಂತ. ಹೇಳಿದರೆ ವೈರ್ ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಹಾಕಿ ಮಾಡುತ್ತಾರೆ, ಸ್ವಲ್ಪ ಜಾಸ್ತಿ ಆಗುತ್ತದೆ. ಆನ್‌ಲೈನಿನಲ್ಲಿ ಲೈಟ್ ತರಿಸಿಕೊಂಡು ಹೋಗಬೇಡಿ. ಖಾಲಿ ಕೈಯಲ್ಲಿ ಬೈಕ್ ತೆಗೆದುಕೊಂಡು ಹೋಗಿ, ಮೀಟರ್ ಹಿಡಿದು ನೋಡಿದ ಮೇಲೆ ಏನು ಕೊಳ್ಳಬೇಕು ಅಂತ ಅವರೇ ಹೇಳುತ್ತಾರೆ.