ಐದು ಅಂಗುಲದಲ್ಲಿ ಕಳೆದುಹೋದ ಹಡಗು

ಮೊದಲೇ ಹೇಳಿಬಿಡುತ್ತೇನೆ: ಗೋಡೆಗೆ ಹಳೆಯ ವರ್ಣಚಿತ್ರದ ಪ್ರತಿ ಬೇಕಾದರೆ, ಸಂಗ್ರಹಾಲಯದ ಜಾಲತಾಣದಿಂದ ಚಿತ್ರ ಇಳಿಸಿಕೊಂಡು ಹಾಸನದ ಬಿ.ಎಂ. ರಸ್ತೆಯ ಸ್ಟುಡಿಯೋದಲ್ಲಿ ಮುದ್ರಿಸಿಕೊಳ್ಳುವುದೇ ನನಗೆ ಸರಿ. ಈ ಬುದ್ಧಿ ಬರಲು 1,450 ರೂಪಾಯಿ ಖರ್ಚಾಯಿತು.

ಹಡಗಿನ ಕಾದಂಬರಿಗಳು ನನ್ನ ಹಳೆಯ ಚಟ. ಕಡಲು ನೋಡಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕಾದ ಊರಿನವನು. ‘ಪಟಸ್ತಂಭ (ಹಾಯಿ ಕಟ್ಟುವ ಕಂಬ) ಮುರಿದುಬಿತ್ತು’ ಎಂದು ಓದಿದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದಕ್ಕೇ ಮೆಚ್ಚಿದ ಸನ್ನಿವೇಶಕ್ಕೆ ಒಪ್ಪುವ ಚಿತ್ರ ಹುಡುಕಿ ಮೇಜಿನ ಎದುರು ತೂಗುಹಾಕುತ್ತೇನೆ. ಈ ಸಲ ಬೇಕಾಗಿದ್ದದ್ದು ಮುರಿದ ದೋಣಿಯಲ್ಲಿ ಒಬ್ಬನೇ ಉಳಿದವನು, ದೂರದಲ್ಲಿ ಹಾದುಹೋಗುವ ಹಡಗು. ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ 1899ರಲ್ಲಿ ಬರೆದ ‘ದಿ ಗಲ್ಫ್ ಸ್ಟ್ರೀಮ್’ ಹೇಳಿ ಮಾಡಿಸಿದಂತಿತ್ತು: ಸುತ್ತ ಶಾರ್ಕ್‌ಗಳು, ಬಲಕ್ಕೆ ನೀರಿನ ಸುಳಿಗಂಬ, ಎಡಗಡೆ ದಿಗಂತದಲ್ಲಿ ಮಂಜು ಮಂಜಾದ ಹಡಗು.

ಆನ್‌ಲೈನ್ ಅಂಗಡಿಯೊಂದರಿಂದ ಅದರ 12×16 ಅಂಗುಲದ ಮುದ್ರಣವನ್ನು ಚೌಕಟ್ಟು ಸಹಿತ ತರಿಸಿದೆ. ಬಣ್ಣ ಚೆನ್ನ, ಗಾಜು ಚೆನ್ನ. ಮೊಳೆ ಹೊಡೆದು ತೂಗುಹಾಕಿ, ಆ ಅಧ್ಯಾಯ ತೆರೆದು, ತಲೆಯೆತ್ತಿ ಹಡಗನ್ನು ಹುಡುಕಿದೆ. ಹಡಗೇ ಇಲ್ಲ! ಕನ್ನಡಕ ಒರೆಸಿಕೊಂಡು ನೋಡಿದೆ. ಇಲ್ಲ. ಆಮೇಲೆ ಸ್ಕೇಲು ಹಿಡಿದು ಕೂತೆ. ಮೂಲಚಿತ್ರ 71.4 ಸೆಂ.ಮೀ. ಎತ್ತರ, 124.8 ಸೆಂ.ಮೀ. ಅಗಲ. 12 ಅಂಗುಲ ಎತ್ತರಕ್ಕೆ ಇಳಿಸಿದರೆ ಅಗಲ 21 ಅಂಗುಲ ಬರಬೇಕು. ಇವರ ಚೌಕಟ್ಟು 16. ಉಳಿದ ಐದು ಅಂಗುಲಕ್ಕೆ ಕತ್ತರಿ ಬಿದ್ದಿತ್ತು, ಹಡಗು ಅದರೊಟ್ಟಿಗೆ ಹೋಗಿತ್ತು. ದೂರು ಕೊಟ್ಟರೆ, ‘ಮುಖ್ಯ ವಸ್ತು ಮಧ್ಯದಲ್ಲೇ ಇದೆಯಲ್ಲ ಸರ್’ ಎಂಬ ಉತ್ತರ. ಅವನು ಬದುಕುತ್ತಾನೋ ಇಲ್ಲವೋ ಎಂಬುದು ಯಾವ ಮೂಲೆಯಲ್ಲಿದೆಯೋ ಅದನ್ನೇ ಕತ್ತರಿಸಿ, ಮುಖ್ಯ ವಸ್ತುವಂತೆ!

ಹಳೆಯ ಕಲಾಪುಸ್ತಕವನ್ನೂ ನೋಡಿದ್ದೇನೆ. ಫ್ರೆಂಚ್ ಚಿತ್ರಕಾರ ಜೆರಿಕೋನ ‘ಮೆಡುಸಾದ ತೆಪ್ಪ’ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ, ಏಳು ಮೀಟರಿಗೂ ಹೆಚ್ಚು ಅಗಲ. ಅಷ್ಟು ದೊಡ್ಡ ಚಿತ್ರದಲ್ಲೇ ತೆಪ್ಪದವರು ಕೈಬೀಸಿ ಕರೆಯುವ ಹಡಗು ಚುಕ್ಕೆಯಷ್ಟು. ಪುಸ್ತಕದಲ್ಲಿ ಅದು ಅಚ್ಚಿನ ಕಲೆಯೋ ಹಡಗೋ ಎಂದು ನಿರ್ಧರಿಸಲಾಗಲಿಲ್ಲ. ಆದರೂ ಯಾವ ಸನ್ನಿವೇಶಕ್ಕೆ ಯಾವ ಚಿತ್ರ ಎಂದು ಹುಡುಕಲು ಪುಸ್ತಕವೇ ಮೇಲು.

ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಚಿತ್ರದಲ್ಲಿ ಹಾಯಿ ಬಲಕ್ಕೆ ಉಬ್ಬಿತ್ತು, ಬಾವುಟ ಎಡಕ್ಕೆ ಹಾರುತ್ತಿತ್ತು. ಅಲ್ಲಿಗೆ ಬಿಟ್ಟೆ.

ಹೋಮರನ ಚಿತ್ರವಿರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ. ಅವರು ಅದನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ಪೆನ್‌ಡ್ರೈವ್‌ನಲ್ಲಿ ಒಯ್ದೆ. ಸ್ಟುಡಿಯೋದ ಹುಡುಗನೂ ‘12×18 ತುಂಬಿಸಿಬಿಡಲೇ?’ ಎಂದು ಕೇಳಿದ. ಹಾಗೆ ಮಾಡಿದ್ದರೆ ಮತ್ತೆ ಮೂರು ಅಂಗುಲ ಹೋಗುತ್ತಿತ್ತು. ಪಕ್ಕದಲ್ಲೇ ನಿಂತು, ಅಗಲ 18, ಎತ್ತರ 10.3 ಇಡಿಸಿ, ಮೇಲೆ ಕೆಳಗೆ ಬಿಳಿ ಅಂಚು ಬಿಡಿಸಿದೆ. ಮುದ್ರಣ 180 ರೂಪಾಯಿ, ಚೌಕಟ್ಟು 420. ನೀಲಿ ಸ್ವಲ್ಪ ಕಪ್ಪಾಗಿದೆ, ಒಪ್ಪುತ್ತೇನೆ. ಅವಸರದವರಿಗೆ, ಅಂಗಡಿಯಲ್ಲಿ ಬೆನ್ನ ಹಿಂದೆ ನಿಂತು ಕಾಡಲು ಸಂಕೋಚಪಡುವವರಿಗೆ ಇದು ಆಗಿಬರುವುದಿಲ್ಲ. ನನಗೆ ಎರಡೂ ತೊಂದರೆಯಿಲ್ಲ.

ಹಡಗು ಈಗ ಮೂಲೆಯಲ್ಲಿದೆ. ಚನ್ನರಾಯಪಟ್ಟಣದಲ್ಲಿ ಕಬ್ಬು ಬೆಳೆದಿದ್ದ ಅಪ್ಪ ಮಾತ್ರ ಅದನ್ನು ನೋಡಲೇ ಇಲ್ಲ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ದೋಣಿಯ ಮೇಲೆ ಬಿದ್ದಿರುವ ಜಲ್ಲೆಗಳನ್ನು ತೋರಿಸಿ, ‘ಕಬ್ಬು ಇಟ್ಟುಕೊಂಡಿದ್ದಾನೆ, ಇನ್ನೆರಡು ದಿನ ಏನೂ ಆಗುವುದಿಲ್ಲ ಬಿಡು’ ಎಂದರು.